ಮಲಗಿ ನೋಡಿ ಕೊಂಡ ದೋಣಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಶ್ರೀರಂಗಪಟ್ಟಣದ ಗಫಾರ್ ಸಾಬರಿಗೆ ಚಿಂತೆ ಬೇಕಾದಷ್ಟಿತ್ತು, ನಿದ್ದೆಗೆ ಮಾತ್ರ ಎಂದೂ ಬರ ಬಂದದ್ದಿಲ್ಲ. ಬೆಲ್ಲ, ಅಕ್ಕಿ, ಸಿಮೆಂಟು ಹೇರಿಕೊಂಡು ಲಾರಿ ಓಡಿಸಿದಷ್ಟು ಕಾಲವೂ ಅವರು ಮಲಗಿದ್ದು ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ. ಶಿರಾಡಿ ಘಾಟಿಯಾಗಲಿ, ಸೇಲಂ ಮಂಡಿಯಾಗಲಿ, ಲಾರಿ ನಿಂತ ಕಡೆ ಗೊರಕೆ ಶುರು. ಒಗ್ಗದೇ ಇದ್ದದ್ದು ಮನೆಯ ಮಂಚ ಒಂದೇ. ಎರಡು ದಿನ ಮನೆಯಲ್ಲಿದ್ದರೆ ಕಣ್ಣು ಕೆಂಪಾಗಿ, ಮತ್ತೊಂದು ಲೋಡು ಹುಡುಕಿಕೊಂಡು ಹೊರಟುಬಿಡುತ್ತಿದ್ದರು.

ಮಂಡಿ ಹಿಡಿದುಕೊಂಡು ಲಾರಿಯ ಬಿಗಿ ಕ್ಲಚ್ಚು ತುಳಿಯಲಾಗದೆ ಕೊನೆಗೆ ಅದನ್ನು ಮಾರಿದರು. ಉಳಿದದ್ದು ಒಂದು ಹಳೇ ಪಿಕಪ್ಪು. ಅದರಲ್ಲಿ ಒಮ್ಮೆ ಕೆ.ಆರ್.ಎಸ್. ಹಿನ್ನೀರಿನ ಕಡೆ ಹೋದಾಗ ಪುಟ್ಟ ಹಾಯಿದೋಣಿಯೊಂದು ಸದ್ದಿಲ್ಲದೆ ನೀರಿನ ಮೇಲೆ ಸಾಗುವುದನ್ನು ಕಂಡರು. ಡೀಸೆಲ್ ಇಲ್ಲ, ಟೋಲ್ ಇಲ್ಲ, ಕೈ ಅಡ್ಡ ಹಾಕುವ ಪೇದೆಯಿಲ್ಲ. ಜೀವಮಾನದ ದುಡಿಮೆಯನ್ನೆಲ್ಲ ಪೆಟ್ರೋಲ್ ಬಂಕಿಗೆ ಸುರಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕೆ? ಸಂಜೆ ಅದರ ಯಜಮಾನ ದೋಣಿಯನ್ನು ಚಕ್ರದ ಟ್ರೇಲರಿನ ಮೇಲೆ ಎಳೆದು ತನ್ನ ಜೀಪಿಗೆ ಸಿಕ್ಕಿಸುವಾಗ ಸಾಬರು ಒಳಗೆ ಇಣುಕಿದರು. ಒಳಗೆ ಮಲಗುವುದಕ್ಕೆ ಹಲಗೆಯೂ ಇತ್ತು. ಅಲ್ಲಿಗೆ ಸಾಬರ ಕಥೆ ಮುಗಿಯಿತು.

"ಅಂಥಾದ್ದೊಂದು ಸೆಕೆಂಡ್‌ಹ್ಯಾಂಡ್ ತಗೊಂಡು ಪಿಕಪ್ಪಿಗೆ ಕಟ್ಕೊಂಡು ತೊಣ್ಣೂರು ಕೆರೆಗೆ ಓಗದು. ನೀರ್ ಮೇಲೇ ಇದ್ದು ಬರದು. ನೀನೂ ಬತ್ತೀಯ," ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದರು.

ಖುರ್ಷಿದ್ ಬೇಗಂ ಮೆಂತ್ಯ ಸೊಪ್ಪು ಬಿಡಿಸುತ್ತಾ ಗಂಡನ ಮುಖ ನೋಡಿದರು. ಮದುವೆಯಾದಾಗಿನಿಂದ ಆಕೆ ಗಂಡನ ಜೊತೆ ಒಂದು ಟ್ರಿಪ್ಪೂ ಹೋದವರಲ್ಲ. ಪ್ರತಿ ಸಲವೂ "ಮುಂದಿನ ಲೋಡಿಗೆ ಕರ್ಕೊಂಡೋಗ್ತೀನಿ" ಎಂದೇ ಸಾಬರು ಗೇಟು ದಾಟಿದ್ದರು.

"ಬತ್ತೀನಿ. ಆದ್ರೆ ಇದೇ ಕೊನೆ," ಎಂದರು ಆಕೆ. "ಈ ಸಲಾನೂ ಏನಾದ್ರೂ ನೆಪ ತೆಗುದ್ರೆ ಇನ್ಮೇಲೆ ನನ್ನ ಕರೀಲೇಬ್ಯಾಡಿ."

ಹಿನ್ನೀರಿನ ದಡದಲ್ಲಿ ಶೆಡ್ಡು ಹಾಕಿಕೊಂಡು ಹಳೇ ದೋಣಿಗಳನ್ನು ರಿಪೇರಿ ಮಾಡಿ ಮಾರುವವನು ಸಿದ್ದರಾಜು. ಅವನ ಹತ್ತಿರ ಮೂರಿದ್ದವು. ಒಂದು ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ಅದರ ಬೆಲೆ ಕೇಳಿ ಸಾಬರು ಹತ್ತಲೂ ಇಲ್ಲ. ಎರಡನೆಯದು ತೇಪೆ ಬಳಿದ, ಎಮ್ಮೆಯಂತೆ ಅಗಲವಾದ ಹಳೇ ದೋಣಿ. ಸಾಬರು ಅದರ ಟ್ರೇಲರಿನ ಟೈರನ್ನು ಕಾಲಲ್ಲಿ ಒದ್ದು ನೋಡಿದರು. ಪೂರ್ತಿ ಬೋಳು.

"ಟೈರೇ ಇಂಗಿದ್ಮೇಲೆ ದೋಣಿ ಎಂಗಿರ್ತದೋ!"

"ದೋಣಿ ಓಗದು ನೀರಲ್ಲಿ ಸಾಬ್ರೇ, ಟೈರ್ ಮೇಲಲ್ಲ!" ಎಂದು ಸಿದ್ದರಾಜು ಹಣೆ ಚಚ್ಚಿಕೊಂಡ.

ಯಾರು ಕೇಳಬೇಕು? ಸಾಬರು ಆಗಲೇ ಮೂರನೆಯದರ ಚಕ್ರದ ಮುಂದೆ ಬಗ್ಗಿ ನಿಂತಾಗಿತ್ತು. ಹೊಸ ಟೈರು, ಗಟ್ಟಿ ಸ್ಪ್ರಿಂಗ್ ಪಟ್ಟಾ, ಮೇಲೊಂದು ಸ್ಟೆಪ್ನಿ ಬೇರೆ. ಮೇಲಿನ ದೋಣಿಯೋ ಕಡಲೇಕಾಯಿ ಸಿಪ್ಪೆಯಷ್ಟು ಸಣ್ಣದು. ಮೂಗಿಗಿಂತ ಮೂಗುತಿ ಭಾರ ಎಂದು ಯಾರಾದರೂ ಹೇಳಬಹುದಿತ್ತು. ಸಾಬರು ಒಳಗೆ ತೂರಿ ಇದ್ದ ಒಂದೇ ಹಲಗೆಯ ಮೇಲೆ ಮಲಗಿದರು. ಅದು ಅವರ ಪದ್ಧತಿ. ಯಾವ ಲಾರಿ ಕೊಳ್ಳುವ ಮೊದಲೂ ಅದರೊಳಗೆ ಮಲಗಿ ನೋಡುವುದು, ಕಣ್ಣು ಹತ್ತಿದರೆ ಗಾಡಿ ಒಳ್ಳೆಯದು. ಸಿದ್ದರಾಜು ಮನೆಗೆ ಹೋಗಿ ಮುದ್ದೆ ಉಂಡು ಬಂದರೂ ದೋಣಿಯೊಳಗೆ ಗೊರಕೆ ನಡೆದೇ ಇತ್ತು. ಎದ್ದವರೇ ಮುಂಗಡ ಕೊಟ್ಟರು.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಬಂದು ಜಂಬದಿಂದ ದೋಣಿಯ ಬಾಗಿಲು ತೆರೆದರು. ಖುರ್ಷಿದ್ ಬೇಗಂ ಬಗ್ಗಿ ನೋಡಿದರು. ಇನ್ನೊಂದು ಸಲ ನೋಡಿದರು.

"ನಾನೆಲ್ಲಿ ಮಲಗ್ಲಿ?"

ಸಾಬರಿಗೆ ಪ್ರಶ್ನೆಯೇ ಹೊಸದು. "ಇಬ್ರೂ ಒಂದೇ ಸಲ ಮಲಗ್ಬುಟ್ರೆ ಗಾಡಿ ಯಾರು ನೋಡ್ಕಳದು? ಒಬ್ರು ಮಲಗದು, ಒಬ್ರು ಎದ್ದಿರದು. ಲಾರಿ ಲೈನಲ್ಲಿ ಅಂಗೇ ಕಣೆ."

"ಅಂದ್ರೆ ನಾನು ಕ್ಲೀನರು."

ಸಿದ್ದರಾಜು ಪಕ್ಕನೆ ನಕ್ಕುಬಿಟ್ಟ. ಖುರ್ಷಿದ್ ಬೇಗಂ ನಗಲಿಲ್ಲ.

"ನೀವು ಘಾಟೀಲಿ ಗೊರಕೆ ಒಡೀತಿದ್ರಲ್ಲ, ಅವಾಗ ಇಲ್ಲಿ ನಾನು ಎದ್ದು ಕೂತಿರ್ತಿದ್ದೆ. ಫೋನ್ ಬರ್ಲಿಲ್ಲ ಅಂದ್ರೆ ಯಾಕ್ ಬರ್ಲಿಲ್ಲ ಅಂತ. ಬಂದ್ರೆ, ಇನ್ನೂ ಅಷ್ಟು ದೂರ ಓಡುಸ್ಬೇಕಲ್ಲ ಅಂತ. ಎಷ್ಟು ರಾತ್ರಿ ಅಂಗೆ ಕಳುದ್ನೋ ಅಲ್ಲಾಗೊಬ್ನಿಗೇ ಗೊತ್ತು. ಈಗ ದೋಣೀಲೂ ನಾನೇ ಎದ್ದಿರ್ಬೇಕಾ?"

ಅಷ್ಟು ಹೇಳಿ ಸೆರಗು ತಲೆಗೆ ಎಳೆದುಕೊಂಡು ಪಿಕಪ್ಪಿನ ಕಡೆ ನಡೆದುಬಿಟ್ಟರು.

ಸಾಬರು ನಿಂತಲ್ಲೇ ನಿಂತರು. ತಾವು ರಸ್ತೆಯಲ್ಲಿ ಮಲಗಿದಾಗ ಮನೆಯೂ ಮಲಗಿರುತ್ತದೆ ಎಂದೇ ಇಷ್ಟು ಕಾಲ ನಂಬಿದ್ದರು. ಎಲ್ಲೆಂದರಲ್ಲಿ ಬರುತ್ತಿದ್ದ ಆ ನಿದ್ದೆಯನ್ನು ದೇವರು ಕೊಟ್ಟ ವರ ಎಂದು ಹೋಟೆಲು ಹೋಟೆಲಿನಲ್ಲಿ ಕೊಚ್ಚಿಕೊಂಡಿದ್ದರು. ಅದರ ಬಾಕಿ ಇನ್ನೊಬ್ಬರು ಕಟ್ಟುತ್ತಿದ್ದರು ಎಂದು ಈಗ ತಿಳಿದು ನಾಚಿಕೆಯಾಯಿತು.

ಪಿಕಪ್ಪಿನ ಬಾಗಿಲು ಧಡ್ಡೆಂದು ಮುಚ್ಚಿತು. ಸಾಬರು ಕುಂಟುತ್ತಾ ಆ ಎಮ್ಮೆ ದೋಣಿಯ ಹತ್ತಿರ ಹೋಗಿ, ಮಂಡಿ ನೋವನ್ನೂ ಮರೆತು ಹತ್ತಿದರು. ಒಳಗೆ ತುಂಬಿದ್ದ ಹಗ್ಗ, ಧೂಳು ಹಿಡಿದ ಹಾಯಿ, ಖಾಲಿ ಪೇಂಟ್ ಡಬ್ಬ ಎಲ್ಲವನ್ನೂ ಹೊರಗೆ ಎಸೆದರು. ಆಚೆಗೊಂದು ಹಲಗೆ, ಈಚೆಗೊಂದು ಹಲಗೆ ಕಂಡವು.

"ಸಿದ್ದರಾಜು, ಮುಂಗಡ ಇದಕ್ಕೇ ಇಡ್ಕೊ. ಟೈರು ನಾನ್ ಆಕುಸ್ಕೋತೀನಿ," ಎಂದರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಖುರ್ಷಿದ್, ಒಂದ್ಸಲ ಬಂದು ನೋಡು. ಬೇಡ ಅಂದ್ರೆ ಬೇಡ, ಮನೆಗೋಗಣ," ಎಂದು ಕೂಗಿದರು.

ಆಕೆ ಬೇಕೆಂದೇ ತಡಮಾಡಿ ಬಂದರು. ಸಿದ್ದರಾಜು ಹಿಡಿದ ಸ್ಟೂಲಿನ ಮೇಲೆ ಕಾಲಿಟ್ಟು, "ತೋಬಾ, ತೋಬಾ" ಎನ್ನುತ್ತಾ ಹತ್ತಿದರು. ಹಲಗೆಯ ಮೇಲೆ ಕೂತು ಮೇಲಕ್ಕೆ ನೋಡಿದರು. ತಲೆ ತಗುಲಲಿಲ್ಲ. ಕಾಲು ನೀಡಿ ಮಲಗಿದರು. ಪಾದ ಎಲ್ಲೂ ಮುಟ್ಟಲಿಲ್ಲ. ಎದುರಿನ ಹಲಗೆಯ ಮೇಲೆ ಸಾಬರು ಮಲಗಿ, ಸ್ಟವ್ ಎಲ್ಲಿಡಬೇಕು, ನೀರಿನ ಕ್ಯಾನು ಎಲ್ಲಿ, ಹಾಯಿಕಂಬ ಮಡಚುವುದು ಹೇಗೆ ಎಂದು ವಿವರಿಸತೊಡಗಿದರು. ಹೂಂ ಎನ್ನುವವರಿರಲಿಲ್ಲ.

ತಿರುಗಿ ನೋಡಿದರೆ ಖುರ್ಷಿದ್ ಬೇಗಂ ನಿದ್ದೆ ಹೋಗಿದ್ದರು. ಬಾಯಿ ಚೂರು ತೆರೆದಿತ್ತು, ಒಂದು ಕೈ ಹಲಗೆಯಿಂದ ಕೆಳಗೆ ಜೋತುಬಿದ್ದಿತ್ತು. ಹೆಂಡತಿ ಮಲಗಿದ್ದನ್ನು ಸಾಬರು ಸರಿಯಾಗಿ ಕಂಡವರೇ ಅಲ್ಲ. ಮನೆಯ ಮಂಚದಲ್ಲಿ ಅವರು ಹೊರಳಾಡುವಷ್ಟು ಹೊತ್ತು ಆಕೆಯೂ ಎದ್ದಿರುತ್ತಿದ್ದರು, ಏಳುವಾಗ ಚಹಾ ತಯಾರಿರುತ್ತಿತ್ತು. ನೋಡುತ್ತಾ ನೋಡುತ್ತಾ ಸಾಬರಿಗೆ ಖುಷಿಯಾಯಿತು, ಅಳುವೂ ಬಂತು. ಮಂಡಿ ಜೋಮು ಹಿಡಿಯಿತು. ಅಲುಗಾಡಿದರೆ ಟ್ರೇಲರಿನ ಪಟ್ಟಾ ಕಿರ್ರೆನ್ನುತ್ತದೆ ಎಂದು ಮಿಸುಕದೆ ಬಿದ್ದುಕೊಂಡರು.

ಹೊರಗೆ ಸಿದ್ದರಾಜುವಿಗೆ ತಾಳ್ಮೆ ಕೆಟ್ಟಿತು. "ಏನ್ ಸಾಬ್ರೇ, ಮತ್ತೆ ಮಲಗ್ಬುಟ್ರಾ?" ಎಂದು ಕೂಗಿದ.

ಸಾಬರು ಕಿಟಕಿಯಿಂದ ಕೈ ಹೊರಚಾಚಿ, ಹಿಂದಿನ ಗಾಡಿಯನ್ನು ತಡೆಯುವ ಹಾಗೆ ಅಂಗೈ ಆಡಿಸಿದರು.

"ಮೆಲ್ಲಗೆ ಕಣಪ್ಪ," ಎಂದರು ಪಿಸುದನಿಯಲ್ಲಿ. "ಅವ್ಳು ಮಲಗವ್ಳೆ. ನಾನ್ ಎದ್ದಿವ್ನಿ."