ಬೋರ್ಡಿನಣ್ಣ ಇಡದೆ ಹೋದ ಹೆಸರು

ಬೀದಿಯವರೆಲ್ಲ ಅವನನ್ನು ಬೋರ್ಡಿನಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಹೆಸರು ಹುಡುಕಿ, ತಗಡಿನ ಮೇಲೆ ಬರೆದು, ಏಣಿ ಹತ್ತಿ ತೂಗುಹಾಕುವವರೆಗೂ ಎಲ್ಲ ಅವನದೇ. ಅವನ ಕೈಗುಣದಿಂದ ವ್ಯಾಪಾರ ಕುದುರುತ್ತದೆ ಎಂಬ ಮಾತು ಹೇಗೋ ಹಬ್ಬಿತ್ತು. ಅವನೂ ಅಲ್ಲಗಳೆಯಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಪ್ರಿಂಟು ಹೊಡೆದ ಬೋರ್ಡುಗಳು ಬಂದ ಮೇಲೆ ಅವನ ಕುಂಚಗಳು ಒಣಗಿ ಪೊರಕೆ ಕಡ್ಡಿಯಾದವು. ಆಗ ಮಗಳೇ ಕೆಲಸ ತಂದಳು. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತು ಕೂತು ರೋಸಿಹೋಗಿದ್ದ ಅವಳು ರಜೆ ಹಾಕಿ, ವ್ಯಾಪಾರದ ಪಾಡ್‌ಕಾಸ್ಟ್ ಮಾಡಹೊರಟಿದ್ದಳು. ಸಣ್ಣ ಅಂಗಡಿಯವರು ಹೇಗೆ ಎದ್ದರು, ಹೇಗೆ ಮುಗ್ಗರಿಸಿದರು ಎಂದು ಅವರ ಬಾಯಿಂದಲೇ ಹೇಳಿಸಿ, ಜನ ಫೋನಿನಲ್ಲಿ ಕೇಳುವ ಹಾಗೆ ಮಾಡುವುದು. ಮೊದಲ ಕಂತುಗಳು ಸಿದ್ಧವಾಗಿದ್ದವು, ಹೆಸರೊಂದೇ ಬಾಕಿ. ತಿಂಗಳ ಕೊನೆಗೂ ಕೆಲಸಕ್ಕೆ ಬಾರದಿದ್ದರೆ ಗಲ್ಲಾದ ಕುರ್ಚಿಗೆ ಬೇರೆಯವರು ಎಂದು ಬಟ್ಟೆ ಅಂಗಡಿಯ ಮಾಲೀಕ ಹೇಳಿಬಿಟ್ಟಿದ್ದ. ಅಷ್ಟರೊಳಗೆ ಇದು ನಾಲ್ಕು ಕಿವಿಗೆ ಬೀಳದಿದ್ದರೆ ಮತ್ತೆ ಆ ಗಲ್ಲಾಕ್ಕೇ ಕೊರಳೊಡ್ಡಬೇಕು.

"ಅಪ್ಪಾ, ಅರ್ಥ ಇರೋ ಹೆಸರು ಬೇಕು. ನಿನ್ನ ಕೈಗುಣದ್ದು."

"ನನಗೆ ಬಿಡು."

ಅಂದೇ ಒಂದು ಚೌಕದ ತಗಡಿಗೆ ನೀಲಿ ಬಳಿದು, ಹಳದಿ ಅಂಚೆಳೆದು, ನಡುವೆ ಹೆಸರಿಗೆ ಜಾಗ ಬಿಟ್ಟ. ಅದರ ಫೋಟೋವೇ ಫೋನಿನಲ್ಲಿ ಪಾಡ್‌ಕಾಸ್ಟಿನ ಮುಖಚಿತ್ರವಾಗಬೇಕಿತ್ತು.

ಅವನ ಪದ್ಧತಿಯೇ ಬೇರೆ. ಹೆಸರಿಡುವ ಮೊದಲು ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಅರ್ಧ ದಿನ ಸುಮ್ಮನೆ ಕೂರುತ್ತಿದ್ದ. ಗಿರಾಕಿಗಳು ಅದನ್ನು ಏನೆಂದು ಕರೆಯುತ್ತಾರೆ, ಅದಕ್ಕೇ ಕಿವಿ. ಚಪ್ಪಲಿಯವನು ಅರಮನೆಯಂಥ ಹೆಸರು ಬೇಕೆಂದು ಹಟ ಹಿಡಿದಿದ್ದ. ಜನರ ಬಾಯಲ್ಲಿ ಅದು 'ಮುರುಕು ಮೆಟ್ಟಿಲ ಅಂಗಡಿ'. ಇವನು ಅದನ್ನೇ ಬರೆದ. ಮೆಟ್ಟಿಲು ರಿಪೇರಿಯಾದರೂ ಹೆಸರು ಅಳಿಯಲಿಲ್ಲ.

ಈಗಲೂ ಹಾಗೇ ಹೊರಟ. ಕಟಿಂಗ್ ಅಂಗಡಿಯಲ್ಲಿ ಕೂತು ಮಗಳ ಕಂತನ್ನು ಜೋರಾಗಿ ಹಾಕಿದ.

"ಇದೇನಣ್ಣ, ಯಾರೋ ಅಳ್ತಿದಾರೆ?" ಕತ್ತರಿಯವನು ಕೇಳಿದ.

"ಅಳ್ತಿಲ್ಲಪ್ಪ, ಬೇಕರಿಯವಳು ತನ್ನ ವ್ಯಾಪಾರದ ಕತೆ ಹೇಳ್ತಿದಾಳೆ."

"ಎರಡೂ ಒಂದೇ. ಯಾವುದಾದ್ರೂ ಹಾಡು ಹಾಕು."

"ಇದನ್ನ ನೀನಾದ್ರೆ ಏನಂತ ಕರೀತೀಯ?"

"ಕರೆಯೋದ್ಯಾಕೆ? ಕೂಗಿದ್ರೆ ಎದ್ದು ಬರುತ್ತಾ?"

ಸೈಕಲ್ ಅಂಗಡಿಯವನು ಮುಲಾಜಿಗೆ ತಲೆಯಾಡಿಸಿದ. ದರ್ಜಿ ಮಿಷನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂದ. ಯಾರ ಬಾಯಿಂದಲೂ ಹೆಸರೆಂಬುದು ಉದುರಲಿಲ್ಲ. ಇವನು ಸಂಜೆ ಮೋರೆ ಇಳಿಬಿಟ್ಟುಕೊಂಡು ಬಂದರೆ ಮಗಳು ಬಾಗಿಲಲ್ಲೇ, "ಸಿಕ್ತಾ?"

"ಜನ ಇನ್ನೂ ಹೇಳಿಲ್ಲ."

"ನಾನೇ ಏನಾದ್ರೂ ಹಾಕ್ಬಿಡ್ತೀನಿ ಅಪ್ಪ."

"ತಾಳು. ಈ ಮನೇಲಿ ಹೆಸರಿಡೋನು ನಾನಿದೀನಿ."

ಹೀಗೆ ತಿಂಗಳು ಸವೆಯಿತು. ಕೊನೆಗೆ ತಾನೇ ಕಟ್ಟಿ ನೋಡಿದ. 'ವ್ಯಾಪಾರ ವಾಣಿ' ಎಂದರೆ ಮಗಳು, "ಸರ್ಕಾರಿ ರೇಡಿಯೋ ಥರ ಇದೆ" ಎಂದಳು. 'ಬೆಳಕು' ಎಂದ. "ಬಲ್ಬಿನಂಗಡಿ ಅಂದ್ಕೋತಾರೆ." ಮೂರನೆಯದು ನಾಲಿಗೆಗೇ ಬರಲಿಲ್ಲ. ತಗಡಿನ ಮುಂದೆ ಕುಂಚ ಹಿಡಿದು ಕೂತವನಿಗೆ ಆಗ ಹೊಳೆಯಿತು, ತಾನು ಜೀವಮಾನದಲ್ಲಿ ಒಂದು ಹೆಸರನ್ನೂ ಇಟ್ಟವನಲ್ಲ.

"ನನ್ನ ಕೈಲಿ ಆಗಲ್ಲಮ್ಮ," ಎಂದ.

"ಊರಲ್ಲಿರೋ ಬೋರ್ಡೆಲ್ಲ?"

"ಜನ ಮೊದಲೇ ಕರೀತಿದ್ರು. ನಾನು ಬರೆದೆ, ಅಷ್ಟೇ. ಚೆನ್ನಾಗಿ ನಡೀತಿದ್ದ ಅಂಗಡಿಗಳೇ ಅವೆಲ್ಲ."

ಮಗಳು ತಗಡಿನ ಹಳದಿ ಅಂಚಿನ ಮೇಲೆ ಬೆರಳಾಡಿಸಿದಳು. "ಅಷ್ಟು ಕಡೆ ಹಾಕಿ ಕೇಳಿಸಿದ್ಯಲ್ಲ. ಯಾರಾದ್ರೂ ಕೊನೇವರೆಗೂ ಕೇಳಿದ್ರಾ?"

ಸುಳ್ಳು ಹೇಳಬಹುದಿತ್ತು, ಬಾಯಿ ತೆರೆದಿದ್ದ ಕೂಡ. ಆದರೆ ಮಗಳು ಅವನ ಮುಖ ಓದಿಬಿಟ್ಟಿದ್ದಳು.

"ಹೋಗಲಿ ಬಿಡು," ಎಂದಳು. "ಹೆಸರಿದ್ದಿದ್ರೂ ಅಷ್ಟೇ ಆಗ್ತಿತ್ತು."

ಆ ಮಾತು ಅವನನ್ನು ತಪ್ಪಿನ ಭಾರದಿಂದ ಬಿಡಿಸುವುದಕ್ಕೆ ಆಡಿದ್ದು. ಅವನಿಗೆ ಅದೇ ಇನ್ನಷ್ಟು ಚುಚ್ಚಿತು.

ಮರುದಿನ ಬೆಳಗ್ಗೆ ಅವಳು ಬಟ್ಟೆ ಅಂಗಡಿಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ, ಅವನು ಬಚ್ಚಲ ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ಆ ತಗಡನ್ನು ಹಿಡಿದು ನೋಡುತ್ತಿದ್ದ. ಅಳೆದು ಮಾಡಿಸಿದ ಹಾಗೆ ಕೂತಿತು.

ಹೊರಡುವಾಗ ಮಗಳು ಒಂದು ಗಳಿಗೆ ನಿಂತಳು. "ಬಣ್ಣದ ಮುಖ ಒಳಗೆ ಬರೋ ಹಾಗೆ ಹೊಡಿ ಅಪ್ಪ. ಬಿಸಿಲಿಗೆ ಹೋಗಿಬಿಡುತ್ತೆ."

ಅವನು ತಗಡನ್ನು ತಿರುಗಿಸಿ, ಮೊಳೆಯನ್ನು ಬಾಯಿಂದ ತೆಗೆದ.