ಅಣ್ಣನ ಮಾತಿನ ಪೆಟ್ಟಿಗೆ

"ಪಾಪ, ಕೊನೆಗಾಲದಲ್ಲಿ ನಿಮ್ಮಣ್ಣ ಒಂದು ಮಾತೂ ಆಡಲಿಲ್ಲ" ಎಂದು ನೆಂಟರು ಈಗಲೂ ಹೇಳುತ್ತಾರೆ. ಅವರು ಹಣ್ಣು ಹಿಡಿದು ಬಂದು, ಅರ್ಧ ಗಂಟೆ ಕುಳಿತು ಎದ್ದುಹೋದವರು. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕಾದ ಧೂಳಿನ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ಸಾಕು, ಚಿಕ್ಕಬಾಣಾವರದ ನಮ್ಮ ಹೆಂಚಿನ ಮನೆಯ ಜಗಲಿಯೂ ಅಲ್ಲಿ ಹರಟುತ್ತ ಕುಳಿತ ಅಣ್ಣನೂ ಕಣ್ಣ ಮುಂದೆ ಬರುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಆ ಮನೆಯಲ್ಲಿ. ಶಾಲೆ ಬೇಗ ತಪ್ಪಿತು. ಓದು ಹತ್ತಿದ್ದು ಅಣ್ಣನ ಪಕ್ಕದಲ್ಲಿ, ದಿನಸಿ ಕಟ್ಟಿ ತಂದ ಪತ್ರಿಕೆಯ ಚೂರುಗಳಿಂದ. ಅರ್ಧಕ್ಕೆ ಹರಿದ ಸುದ್ದಿಯನ್ನು ಓದಿಸಿ, "ಉಳಿದರ್ಧ ಏನಿತ್ತು, ನೀನೇ ಹೇಳೋ" ಎನ್ನುತ್ತಿದ್ದ. ಅಚ್ಚಾದದ್ದನ್ನೆಲ್ಲ ಅನುಮಾನಿಸುವ ಗುಣ ನನಗೆ ಅಲ್ಲಿಂದ ಬಂತು. ಮುಂದೆ ಅಣ್ಣ ಪೀಣ್ಯದ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಂಡ. ಅಲ್ಲಿ ಗುಜರಿಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು, ಕೀಲಿಮಣೆಯೊಳಗೇ ಇಡೀ ಯಂತ್ರ ಅಡಗಿದ್ದಂಥದ್ದನ್ನು, ಮನೆಗೆ ತಂದು ಪುಟ್ಟ ಕಪ್ಪು-ಬಿಳುಪು ಟೀವಿಗೆ ಜೋಡಿಸಿದ್ದ. ಎರಡು ಸಾವಿರದ ಇಸವಿ ಕಳೆದ ಮೇಲೆ ಲಕ್ವ ಹೊಡೆದು ಅವನ ನಾಲಗೆಯೂ ಬಲಗೈಯೂ ಬಿದ್ದುಹೋದವು. ಎಡಗೈಯ ಬರಹ ಅವನಿಗೇ ಓದಲು ಬರುತ್ತಿರಲಿಲ್ಲ. ಆದರೆ ಆ ಕೈಯ ಬೆರಳು ಕೀಲಿ ಒತ್ತಬಲ್ಲದಾಗಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತುತ್ತಿದ್ದ. ಅತ್ತಿಗೆ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದರು.

ಯಂತ್ರವಿದ್ದದ್ದು ಒಳಕೋಣೆಯಲ್ಲಿ, ಜನ ಸೇರುತ್ತಿದ್ದದ್ದು ಜಗಲಿಯಲ್ಲಿ. ತಂತಿ ಬಿಚ್ಚಿ ಜೋಡಿಸುವಷ್ಟರಲ್ಲಿ ಬಂದವರು ಎದ್ದುಹೋಗುತ್ತಿದ್ದರು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿ ಎತ್ತಿ ತರುವಂತಾದರೆ ಮಾತ್ರ ಅಣ್ಣ ಮತ್ತೆ ಜನರ ನಡುವೆ ಮಾತಾಡಬಹುದಿತ್ತು. ನಾನು ಪ್ಲೈವುಡ್ ಕೊಯ್ದು, ಹಿಡಿಯಿರುವ ಪೆಟ್ಟಿಗೆ ಮಾಡಿದೆ. ಅತ್ತಿಗೆ ದಸರಾ ಬೊಂಬೆಗಳನ್ನು ಟ್ರಂಕಿನಲ್ಲಿ ಇಡುವ ಹಾಗೆಯೇ ಹಳೆಯ ಪಂಚೆಗಳನ್ನು ಮಡಿಸಿ ಸುತ್ತಲೂ ತುರುಕಿದರು. ಯಂತ್ರ ಅಲುಗಲಿಲ್ಲ, ನಿಜ. ಜಗಲಿಯಲ್ಲಿ ಅಣ್ಣ ಮೊದಲ ವಾಕ್ಯ ಮುಗಿಸುವ ಮುನ್ನವೇ ಬಟ್ಟೆ ಸೀದ ವಾಸನೆ ಬಂದು ತೆರೆ ಕಪ್ಪಾಯಿತು. ಅವನು ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡ.

ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಬಸವ್ವ, ತುಂಬಿದ ಬಸುರಿ, ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಬಿಸಿ ರೊಟ್ಟಿ ಹಿಂಗ ಬಿಗಿದು ಕಟ್ಟತಾರೇನ್ರೀ ಯಕ್ಕಾ? ಬೆವತು ಕೆಡ್ತಾವು."

"ಇದು ರೊಟ್ಟಿ ಅಲ್ಲ ಕಣೇ, ಕಂಪ್ಯೂಟ್ರು!"

"ಬಿಸಿ ಆಗತೈತಿಲ್ರೀ? ಮತ್ತ!"

ಪಂಚೆಗಳು ಹೊರಬಂದವು. ಯಂತ್ರದ ಅಡಿಗೆ ಮರದ ಪಟ್ಟಿ ಕೊಟ್ಟು ಎತ್ತರಿಸಿದೆ. ಪೆಟ್ಟಿಗೆಯ ಬೆನ್ನಿಗೆ ಕಿಟಕಿ ಕೊಯ್ದು, ಅತ್ತಿಗೆಯ ಹಿಟ್ಟಿನ ಜರಡಿಯ ಬಲೆಯನ್ನು ಬಡಿದೆ. ತಣಿದ ಮೇಲೆ ತೆರೆ ಮತ್ತೆ ಬೆಳಗಿತು; ಬಲೆಯ ಕಿಟಕಿಯಿಂದ ಕಾದ ಧೂಳಿನ ವಾಸನೆ ಹೊರಬಂತು. ಅಣ್ಣ ಬಹಳ ಹೊತ್ತು ಒತ್ತಿದ. ಅತ್ತಿಗೆ ಓದಿದರು: "ಕಾಫಿಗೆ... ಸಕ್ಕರೆ... ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಾಲಗೆ ಬಿದ್ದೋದ್ರೂ ಚಪಲ ಬಿದ್ದೋಗಿಲ್ಲ ನೋಡು ನಿಮ್ಮಣ್ಣಂಗೆ!" ಎಂದರು. ಅಣ್ಣನ ಅರ್ಧ ಬಾಯಿ ನಕ್ಕಿತು. ಅಂದಿನಿಂದ ಹತ್ತಿರದ ಸ್ಟೇಷನ್ನಿನಲ್ಲಿ ರೈಲಿಳಿದು ಬರುವವರು "ಏನ್ ಸಾರ್ ಇವತ್ತಿನ ಸಮಾಚಾರ?" ಎಂದು ಕೇಳಿ, ಉತ್ತರಕ್ಕೆ ಕಾದು ನಿಲ್ಲತೊಡಗಿದರು.

ಈಗ ಅಣ್ಣನಿಲ್ಲ, ಅತ್ತಿಗೆಯಿಲ್ಲ. ಮನೆಯಿದ್ದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅವನು ಮೌನವಾಗಿ ಹೋದನೆನ್ನುವವರು ಸಿಂಗಸಂದ್ರಕ್ಕೆ ಹೋಗಿ, ಈಗ ಅಲ್ಲಿರುವ ಬಸವ್ವನನ್ನು ಕೇಳಲಿ. ಅವಳ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ, ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಗೆ ಊರಿನಿಂದ ಬರಲಾಗಲಿಲ್ಲ. "ನೀವ ಇಡ್ರೀ ಯಜಮಾನ್ರ" ಎಂದು ಅವಳು ಅಣ್ಣನ ಮುಂದೆ ಕುಳಿತಳು. ಅಣ್ಣ ಒತ್ತಿದ; ಅತ್ತಿಗೆ ಓದಿಕೊಂಡು ಮಗುವಿನ ಕಿವಿಯಲ್ಲಿ ಹೇಳಿದರು. ಹಾಲು ಮಾರುತ್ತಿದ್ದ ನಮ್ಮ ತಾಯಿಯನ್ನು ಊರೆಲ್ಲ ಹಾಲಿನಮ್ಮ ಎನ್ನುತ್ತಿತ್ತು. ಅತ್ತಿಗೆ ಮನೆಗೆ ಬರುವ ಮೊದಲೇ ತೀರಿಹೋಗಿದ್ದ ಆಕೆಯ ನಿಜವಾದ ಹೆಸರನ್ನು ಬಲ್ಲವರು ಅಣ್ಣ, ನಾನು ಇಬ್ಬರೇ. ನಾನು ಯಾರಿಗೂ ಹೇಳಿರಲಿಲ್ಲ. ಬಸವ್ವನ ಮಗಳ ಅಂಕಪಟ್ಟಿಯಲ್ಲಿ ಅದೇ ಹೆಸರಿದೆ: ನಾಗವೇಣಿ.