ನೀಲಕ್ಕ ಕಂಡ ಬೆಳಕು

ನೀಲಕ್ಕನ ಬಲಗಣ್ಣು ಹೋದದ್ದು ವಿಧಿಯಿಂದಲ್ಲ, ವಯಸ್ಸಿನಿಂದಲೂ ಅಲ್ಲ — ನನ್ನಿಂದ. ಆ ಕಣ್ಣನ್ನು ಉಳಿಸಬಹುದಾದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬೇಕೆಂದೇ ನುಂಗಿಕೊಂಡೆ. ಮರೆತಿದ್ದೆ ಎಂದರೆ ಜನ ನಂಬುತ್ತಿದ್ದರು. ಆದರೆ ಮರೆತಿರಲಿಲ್ಲ.

ನೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಖಾನಾಪುರದ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ, ಹಿಂದೆಯೇ ಮನೆ. ನಾವು ಬೆಳಗಾವಿಯ ಅನಗೋಳದಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಅವಳು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಎದುರಿಗೆ ‘ಅಕ್ಕಾರ, ಅಕ್ಕಾರ’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಒಂದು ದಿನವೂ ಬಹುವಚನ ಕೊಟ್ಟವಳಲ್ಲ. ಬಸ್ಸಿನ ಬೋರ್ಡು ಓದಲು ಅವಳು ತಡವರಿಸುವುದು, ಟಿವಿಯಲ್ಲಿ ಬಂದದ್ದನ್ನೆಲ್ಲ ನಂಬುವುದು, ರೊಟ್ಟಿ ಬಡಿಯುತ್ತಲೇ ಓಣಿಯ ಹೆಂಗಸರ ಜಗಳ ಬಗೆಹರಿಸುವುದು — ಎಲ್ಲವೂ ನನಗೆ ನಗೆಯ ಸರಕು. ಇಷ್ಟಾದರೂ ಜನ ಕೂಡುತ್ತಿದ್ದುದು ಅವಳ ಸುತ್ತ, ನನ್ನ ಸುತ್ತ ಅಲ್ಲ. ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂದು ಒಪ್ಪಿಕೊಳ್ಳಲು ನನಗೆ ಎಷ್ಟು ವರ್ಷ ಬೇಕಾಯಿತು!

ನೀಲಕ್ಕನ ಕಣ್ಣು ಹೋದ ವರ್ಷ, ಅದಕ್ಕೂ ಮೊದಲು ನನ್ನ ಕಣ್ಣ ಮುಂದೆಯೇ ಕಪ್ಪು ಎಳೆಯೊಂದು ತೇಲಾಡತೊಡಗಿತ್ತು. ಬಿಳಿ ಗೋಡೆಯ ಮೇಲೆ ಸೊಳ್ಳೆ ಹಾರಿದ ಹಾಗೆ. ನೆಟ್ಟು ನೋಡಹೋದರೆ ಪಕ್ಕಕ್ಕೆ ಸರಿಯುತ್ತಿತ್ತು. ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಹಿಡಿದು ನೋಡಿ, ಹೆದರುವಂಥದ್ದಲ್ಲ ಅಂದರು. ಕಣ್ಣೊಳಗಿನ ಲೋಳೆ ವಯಸ್ಸಾದಂತೆ ಕುಗ್ಗುತ್ತದೆ, ಅದರ ಚೂರುಗಳ ನೆರಳು ಹೀಗೆ ಕಾಣುತ್ತದೆ, ರೂಢಿಯಾಗುತ್ತದೆ. ಆದರೆ ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾದರೆ, ಒಂದು ಬದಿಯಿಂದ ಪರದೆ ಎಳೆದಂತಾದರೆ — ಅವತ್ತೇ ಬರಬೇಕು, ನಾಳೆ ಅನ್ನಬಾರದು. ಒಳಗಿನ ರೆಟಿನಾ ಹರಿದಿರಬಹುದು, ಕಳಚಿಬಿಟ್ಟರೆ ನೋಟ ಮರಳುವುದು ಕಷ್ಟ. ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ಸಿಕ್ಕವರ ಮುಂದೆ ಜಂಬ ಕೊಚ್ಚಿಕೊಂಡೆ. ನನ್ನಂಥವಳಿಗೆ ತಿಳಿವಳಿಕೆ ಸಿಕ್ಕಿದ್ದು ಮಂಗನ ಕೈಗೆ ಮಾಣಿಕ್ಯ ಸಿಕ್ಕ ಹಾಗೆ.

ಅದೇ ಶ್ರಾವಣದಲ್ಲಿ ಬೆಳಗಾವಿಯ ಕುಂದಾ ಮಿಠಾಯಿ ಕಟ್ಟಿಸಿಕೊಂಡು ಖಾನಾಪುರಕ್ಕೆ ಹೋದೆ. ಪಡಸಾಲೆಯ ತುಂಬ ಹೆಂಗಸರು. ನಮ್ಮಲ್ಲಿ ಬೆಳಿಗ್ಗೆ ಮಿಂದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ದೃಷ್ಟಿ ನೆಟ್ಟು ಕೂಡುವುದುಂಟು. ನಾನು ಗಡಿಬಿಡಿಯಲ್ಲಿ ಮುಗಿಸುವವಳು, ನೀಲಕ್ಕ ಮನಸ್ಸಿಟ್ಟು ಕೂಡುವವಳು. ಹಾಗೆ ಕೂತಾಗ ಅವಳಿಗೆ ಬೆಳಕು ಕಾಣುತ್ತಿದೆ ಎಂದು ಓಣಿಯಲ್ಲೆಲ್ಲ ಸುದ್ದಿ. ಪಕ್ಕದ ಮನೆಯ ಮರಾಠಿ ಮುದುಕಿಯೂ ಬಂದು ಕಾಲು ಮುಟ್ಟಿ ಹೋದಳು. ಆಮೇಲೆ ನೀಲಕ್ಕ ನನ್ನನ್ನು ಒಳಗೆ ಕರೆದಳು.

“ಶಾಂತಾ, ಲಿಂಗದ ಬಾಜೂಕ ಫಳಕ್ಕನ ಮಿಂಚತೈತಿ. ಕಣ್ಣ ಮುಚ್ಚಿದ್ರೂ ಮಿಂಚತೈತಿ. ದವಾಖಾನಿಗೆ ತೋರಸಲೇನು? ನೀ ಕಲತಾಕಿ, ನೀ ಹೇಳಿದಂಗ ಮಾಡತೇನಿ.”

ಕರಿ ಚುಕ್ಕಿ ಕಾಣತಾವೇನು ಎಂದು ಕೇಳಿದೆ. ಕಾಣುತ್ತವೆ, ಮೊನ್ನೆಯಿಂದ ಬಲಗಣ್ಣಿನ ಮುಂದೆ ಸಾಸಿವೆ ಚೆಲ್ಲಿದ ಹಾಗೆ ಎಂದಳು. ನನಗೆ ಎಲ್ಲವೂ ತಿಳಿದುಹೋಯಿತು. ಕೈ ಹಿಡಿದು ಬಸ್ಸು ಹತ್ತಿಸಬೇಕಾಗಿತ್ತು. ಆದರೆ ಹೊರಗೆ ಆ ಹೆಂಗಸರು ಇನ್ನೂ ಕೂತಿದ್ದರು, ಇವಳು ಹೊರಬರುವುದನ್ನೇ ಕಾಯುತ್ತ —

“ಬೆಳಕಿಗೆ ಯಾರರ ಔಷಧ ಹಾಕ್ತಾರೇನ್ರಿ, ಅಕ್ಕಾರ? ಎಲ್ಲಾರಿಗೂ ಕಾಣೂದಲ್ಲ ಅದು. ನಿಮ್ಮ ಪುಣ್ಯ ದೊಡ್ಡದು.”

ಬೆಳಗಾವಿಯ ಅಂಚಿನ ಪೀರನವಾಡಿ ಬರುವವರೆಗೂ ಬಸ್ಸಿನಲ್ಲಿ ಒಳಗೊಳಗೇ ನಕ್ಕೆ. ಅವಳು ಕುರುಡಾಗಲಿ ಎಂದು ಬಯಸಿದೆನೇ? ಇಲ್ಲ. ನಾಲ್ಕು ದಿನ ಮೆರೆಯಲಿ, ಆಮೇಲೆ ಹೆದರಿ ನನ್ನ ಬಾಗಿಲಿಗೇ ಬರಲಿ, ಆಗ ಮಂದಿಯ ಮುಂದೆ ಇವಳ ಬೆಳಕಿನ ಬಣ್ಣ ಬಯಲು ಮಾಡೋಣ ಎಂದುಕೊಂಡಿದ್ದೆ. ಇದರಿಂದ ತಪ್ಪು ಸಣ್ಣದಾಗುವುದಿಲ್ಲ. ಇನ್ನಷ್ಟು ಅಗ್ಗವಾಗುತ್ತದೆ, ಅಷ್ಟೆ.

ವಾರದೊಳಗೆ ಆ ಕಣ್ಣಿಗೆ ಪರದೆ ಬಿತ್ತು. ಬೆಳಗಾವಿಗೆ ಕರೆತಂದು ಆಪರೇಷನ್ ಮಾಡಿಸಿದರೂ ನೋಟ ಬರಲಿಲ್ಲ. ಮಿಂಚು ಕಂಡ ದಿನವೇ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದಾಗ ನಾನು ಚಹಾದ ಥರ್ಮಾಸು ಹಿಡಿದುಕೊಂಡು ಹಿಂದೆ ನಿಂತಿದ್ದೆ. ನೀಲಕ್ಕ ತಲೆ ತಗ್ಗಿಸಿದಳು, ನನ್ನ ಹೆಸರು ಹೇಳಲಿಲ್ಲ. ಕಾಲು ಮುಟ್ಟಿದ್ದ ಹೆಂಗಸರೇ ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು. ನಕ್ಕಷ್ಟೂ ಅವಳು ಬಂದವರ ಮುಂದೆ ಒಂದೇ ಮಾತು ಹೇಳುತ್ತಿದ್ದಳು: “ನಮ್ಮ ಶಾಂತಾ ಒಬ್ಬಾಕೀನ ನನ್ನ ಮಾತು ಖರೇ ಅಂತ ನಂಬಿದ್ಲು.”

ವರ್ಷಗಟ್ಟಲೆ ಈ ಮಾತನ್ನು ತಲೆ ಬಾಗಿಸಿ ಕೇಳಿದ್ದೇನೆ. ನೋಡಿದವರು ಅದನ್ನು ವಿನಯ ಎಂದುಕೊಂಡರು. ವಿನಯವಂತೆ ವಿನಯ — ಥೂ.

ಕಳೆದ ತಿಂಗಳು ಅವಳು ಫೋನು ಮಾಡಿದಳು. ಎಡಗಣ್ಣಿನ ಮುಂದೆಯೂ ಚುಕ್ಕೆಗಳು. ಅವತ್ತೇ ಖಾನಾಪುರಕ್ಕೆ ಹೋಗಿ ಕರೆತಂದೆ. ಆಸ್ಪತ್ರೆಯಲ್ಲಿ ಹನಿ ಹಾಕಿ ಕಣ್ಣು ಮುಚ್ಚಿ ಕೂಡಲು ಹೇಳಿದರು. ಬೆಂಚಿನ ಮೇಲೆ ಅವಳ ಕೈ ನನ್ನ ಮೊಣಕಾಲ ಮೇಲಿತ್ತು. ಅವಳ ಕಣ್ಣು ಮುಚ್ಚಿತ್ತಲ್ಲ — ಅದಕ್ಕೇ ನನಗೆ ಧೈರ್ಯ ಬಂದದ್ದು. ಅಂಥ ಧೈರ್ಯ.

“ಅವತ್ತ ನನಗ ಗೊತ್ತಿತ್ತರೀ, ಅಕ್ಕಾರ. ಗೊತ್ತಿದ್ದೂ ಹೇಳಲಿಲ್ಲ.”

“ಯಾಕವಾ?” ಎಂದಳು.

“ನಿಮ್ಮನ್ನ ನಾ ನನಗಿಂತ ಕೀಳ ಅನ್ಕೊಂಡಿದ್ನಿರಿ.”

ಮೊಣಕಾಲ ಮೇಲಿನ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು. ಒಳಗಿನಿಂದ ಹೆಸರು ಕೂಗಿದರು. ನಾನು ತೋಳು ಹಿಡಿಯಲು ಹೋದೆ. ಅವಳು ಗೋಡೆ ಹಿಡಿದುಕೊಂಡು ಹೋದಳು.

ಆ ಕಣ್ಣಿನ ರೆಟಿನಾ ಸ್ವಲ್ಪವೇ ಹರಿದಿತ್ತು. ಲೇಸರ್‌ನಿಂದ ಅಂಚು ಭದ್ರ ಮಾಡಿದರು. ಕಣ್ಣು ಉಳಿದಿದೆ. ನೀಲಕ್ಕ ಪೂಜೆ ಬಿಟ್ಟಿಲ್ಲ. ಹೆಂಗಸರು ಈಗಲೂ ಅವಳ ಸುತ್ತಲೇ ಕೂಡುತ್ತಾರೆ. ಚುಕ್ಕಿ ಒಮ್ಮೆಲೇ ಹೆಚ್ಚಾದ್ರ, ಮಿಂಚಿದ್ರ, ಅವತ್ತೇ ಕಣ್ಣಿನ ಡಾಕ್ಟರ ಕಡೆ ಹೋಗ್ರಿ, ಯಾರನ್ನೂ ಕೇಳಕೋಂತ ಕುಂದರಬ್ಯಾಡ್ರಿ ಎಂದು ಅವರಿಗೆ ಹೇಳುತ್ತಾಳಂತೆ. ನಾನು ಮಾಡಿದ್ದನ್ನು ಮಾತ್ರ ಅವಳು ಒಬ್ಬರಿಗೂ ಹೇಳಿಲ್ಲ, ನನ್ನ ಗಂಡನಿಗೂ ಇಲ್ಲ. ‘ನಮ್ಮ ಶಾಂತಾ’ ಅನ್ನುವುದನ್ನು ಬಿಟ್ಟಿದ್ದಾಳೆ, ಅಷ್ಟೆ. ಆದ್ದರಿಂದ ಇದನ್ನು ನಾನೇ ಹೇಳಬೇಕಾಯಿತು.